ಗೇಟಿಗೆ ಬೀಗ ಹಾಕಿದ ಕೈ

"ಅಣ್ಣ, ಆಗೋ ಮಾತಾಡು. ಮೂಟೆ ಹೊರೋನ ಮಗಳು ಡಿಗ್ರಿ ಮಾಡ್ತಾಳಾ?" ಎಂದದ್ದು ನನ್ನ ಸ್ವಂತ ಚಿಕ್ಕಪ್ಪ. ಮೂಟೆ ಹೊತ್ತು ಸೊಂಟ ಹಿಡಿದುಕೊಂಡಿದ್ದ ಅಪ್ಪ ಮಂಡಿ ಮೊಹಲ್ಲಾದಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಸಣ್ಣ ಕ್ಲಿನಿಕ್ಕಿನಲ್ಲಿ ಬೋರಲು ಮಲಗಿದ್ದರು. ಸಿಸ್ಟರ್ ಒಬ್ಬರ ಹೆಬ್ಬೆರಳುಗಳು ಅಪ್ಪನ ಸೊಂಟದಲ್ಲಿ ಊರಿದ್ದವು. ಒತ್ತಿ ಒತ್ತಿ ಆ ಹೆಬ್ಬೆರಳುಗಳು ಬಿಲ್ಲಿನಂತೆ ಹಿಂದಕ್ಕೆ ಬಾಗಿಬಿಟ್ಟಿದ್ದವು. ತಲೆಯೆತ್ತದೆಯೇ ಅವರು ಚಿಕ್ಕಪ್ಪನಿಗೆ ಹೇಳಿದರು: "ನೀವು ಆಚೆ ಕೂತ್ಕೊಳ್ಳಿ. ನಿಮ್ಮ ಮಾತಿಗೆ ಇವರ ಸೊಂಟ ಬಿಗಿಯಾಗ್ತಿದೆ."

ಅವರು ಸನ್ಯಾಸಿನಿ, ಫಿಸಿಯೋಥೆರಪಿಸ್ಟೂ ಹೌದು. ಯಾವುದು ಮೊದಲು ಎಂದು ನನಗೆ ಕೊನೆಗೂ ತಿಳಿಯಲಿಲ್ಲ. ಚರ್ಚಿನಲ್ಲಿ ಪರಮಪ್ರಸಾದಕ್ಕೆ ಜನ ಸಾಲಾಗಿ ಹೋಗುವಾಗ, ಕಣ್ಣು ಮುಚ್ಚಿ ಪ್ರಾರ್ಥಿಸಬೇಕಾದವರು ಸಾಲಿನ ಕಾಲುಗಳನ್ನೇ ನೋಡುತ್ತಾ ನನ್ನ ಕಿವಿಯಲ್ಲಿ ಹೇಳುತ್ತಿದ್ದರು: "ಆ ನೀಲಿ ಸೀರೆಯವರು ಮಂಡಿ ಮಡಚ್ತಿಲ್ಲ ಕಣೇ. ಪೂಜೆ ಆದ್ಮೇಲೆ ಹಿಡ್ಕೊಂಡು ಬಾ."

ನಾನು ಹಟ ಹಿಡಿದು ಫಿಸಿಯೋಥೆರಪಿಗೇ ಸೇರಿದೆ. ಸನ್ಯಾಸಿನಿಯಾಗಿ ಕಾನ್ವೆಂಟಿಗೂ ಸೇರುತ್ತೇನೆ, ನಿಮ್ಮ ಹಾಗೆ ಎರಡೂ ಆಗುತ್ತೇನೆ ಎಂದಾಗ ಅವರು ನಕ್ಕುಬಿಟ್ಟರು. "ಮೊದಲು ಡಿಗ್ರಿ ಮುಗಿಸು. ಅರ್ಧ ಓದಿ ಬಂದೋಳನ್ನ ನಮ್ಮೋರು ಅಡುಗೆಮನೆಗೆ ಹಾಕ್ತಾರೆ."

ಪೂರ್ತಿ ಓದಿದ್ದ ಅವರನ್ನೂ ಬಿಡಲಿಲ್ಲ. ಮೇ ತಿಂಗಳಲ್ಲಿ ವರ್ಗಾವಣೆ ಬಂತು: ಬನ್ನಿಮಂಟಪದ ಕಡೆ ಹುಡುಗಿಯರ ಹಾಸ್ಟೆಲಿಗೆ ವಾರ್ಡನ್. ವಿಧೇಯತೆಯ ವ್ರತ ತೊಟ್ಟವರು ಕಾರಣ ಕೇಳುವಂತಿಲ್ಲ. ಕ್ಲಿನಿಕ್ ಮುಚ್ಚಿತು. ಅಪ್ಪ ಮುಲಾಮು ಹಚ್ಚಿಕೊಂಡು ಮತ್ತೆ ಮೂಟೆ ಎತ್ತಿದರು. ಊರಿನವರ ಸೊಂಟ ನೆಟ್ಟಗೆ ಮಾಡಿದ ಕೈ ಸಂಜೆ ಹಾಸ್ಟೆಲಿನ ಗೇಟಿಗೆ ಬೀಗ ಹಾಕುವುದನ್ನು ನಾನು ಕಣ್ಣಾರೆ ಕಂಡೆ.

"ಸಿಟ್ಟು ಬರಲ್ವಾ ಸಿಸ್ಟರ್?"

"ಬರುತ್ತೆ. ದೇವರ ಮೇಲಲ್ಲ, ನಮ್ಮೋರ ಮೇಲೆ. ಪ್ರತಿ ಸಲ ಪಾಪನಿವೇದನೆಯಲ್ಲಿ ಅದೇ ಪಾಪ ಹೇಳ್ತೀನಿ. ಕೇಳಿ ಕೇಳಿ ಫಾದರ್‌ಗೇ ಬೇಜಾರಾಗಿದೆ."

ನಾನು ಕೊನೆಯ ವರ್ಷದಲ್ಲಿದ್ದಾಗ ಅವರಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಯಿತು. ದಿನಾ ಕಾಲೇಜು ಬಿಟ್ಟ ಮೇಲೆ ಸರಸ್ವತಿಪುರಂನಿಂದ ಬಸ್ಸು ಹತ್ತಿ ಹೋಗಿ ವ್ಯಾಯಾಮ ಮಾಡಿಸುತ್ತಿದ್ದೆ. ಆ ಬಾಗಿದ ಹೆಬ್ಬೆರಳು ನನ್ನ ಅಂಗೈಯಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮಾತು ತೊದಲುತ್ತಿದ್ದರೂ ಬೈಯುವುದು ಬಿಟ್ಟಿರಲಿಲ್ಲ: "ಹೆದರ್ಕೊಂಡು ಹಿಡೀಬೇಡ. ರೋಗಿಗೆ ಗೊತ್ತಾಗ್ಬುಡತ್ತೆ." ಆ ಕೈ ಮೇಲೇಳಲೇ ಇಲ್ಲ. ನನ್ನ ಫಲಿತಾಂಶ ಬರುವ ಮೊದಲೇ ಹೋಗಿಬಿಟ್ಟರು.

ಮಣ್ಣು ಮುಗಿದ ಮೇಲೆ ಅವರ ಕಾನ್ವೆಂಟಿನ ಹಿರಿಯ ಸಿಸ್ಟರ್ ನನ್ನ ಭುಜ ಹಿಡಿದರು. "ದೇವರು ನಿನ್ನ ಕರೀತಿದ್ದಾನೆ ಮಗು. ಅವರ ಜಾಗ ಖಾಲಿಯಿದೆ."

"ಯಾವ ಜಾಗ ಸಿಸ್ಟರ್? ಕ್ಲಿನಿಕ್ಕಾ, ಗೇಟಾ?"

"ಕರೆ ಇರೋರು ಅದನ್ನ ಕೇಳಲ್ಲ."

ಕರೆ ನನಗಿತ್ತು. ಇವತ್ತಿಗೂ ಇದೆ. ಬೆಳಗಿನ ಪೂಜೆಗೆ ಹೋಗುತ್ತೇನೆ. ಸಾಲು ಹೊರಟರೆ ನನ್ನ ಕಣ್ಣೂ ಕಾಲುಗಳ ಮೇಲೇ ಹೋಗುತ್ತದೆ. ಆದರೆ ಅವತ್ತು ಹಿರಿಯ ಸಿಸ್ಟರಿಗೆ ಹೂಂ ಎನ್ನಲು ನನ್ನಿಂದಾಗಲಿಲ್ಲ.

ಘಟಿಕೋತ್ಸವದ ದಿನ ಸರ್ಟಿಫಿಕೇಟನ್ನು ಅಪ್ಪನ ಕೈಗೇ ಕೊಟ್ಟೆ. ಓದಲು ಬಾರದ ಅಪ್ಪ ಅಂಗೈ ಎರಡನ್ನೂ ಅಂಗಿಗೆ ಒರೆಸಿಕೊಂಡು ಅದನ್ನು ಹಿಡಿದರು. ಪಕ್ಕದಲ್ಲಿದ್ದ ಚಿಕ್ಕಪ್ಪ ಫೋಟೋ ತೆಗೆಯಲು ಮುಂದೆ ಬಂದ. ಅಪ್ಪ ಅವನ ಕಡೆ ನೋಡಲಿಲ್ಲ.

"ದೇವ್ರು ಕರೆದ್ರೆ ಹೋಗಮ್ಮ, ನಾನು ಬ್ಯಾಡ ಅನ್ನಾಕಿಲ್ಲ," ಎಂದರು. "ಕೈ ಮಾತ್ರ ಆ ಕಾನ್ವೆಂಟ್‌ನೋರ್ಗೆ ಕೊಟ್ಬುಡ್ಬ್ಯಾಡ."