ತೆಗೆದ ಗ್ರಹ ಯಾವುದು?

“ಅಮ್ಮಾ, ಕೈ ನಿಲ್ಸಿ! ಒಂಬತ್ತು ಗ್ರಹದಲ್ಲಿ ಒಂದ್ನ ತೆಗೆದ್ವಡ. ಅದು ಗುರುವೇ ಆದ್ರೆ ಎಂತ ಮಾಡದು?”

ಮೊಮ್ಮಗಳ ಮದುವೆಗೆ ಮುನ್ನ ಕಾನಸೂರಿನ ನಮ್ಮ ಮನೆಯಲ್ಲಿ ಗ್ರಹಶಾಂತಿ. ನವಗ್ರಹಗಳಿಗೆಂದು ನಾನು ಒಂಬತ್ತು ಧಾನ್ಯ ಗುಡ್ಡೆ ಹಾಕುತ್ತಿದ್ದೆ. ಟಿವಿ ಸುದ್ದಿ ಕೇಳಿ ಇಸಳೂರಿನಿಂದ ಓಡಿ ಬಂದ ಮದುವೆ ಹುಡುಗನ ತಾಯಿ ಹೀಗೆ ಕೂಗುತ್ತ ನನ್ನ ಕೈ ಹಿಡಿದಳು. ಗುರುಬಲ ನೋಡಿ ನಿಶ್ಚಯಿಸಿದ ಮದುವೆ, ಸದ್ಯಕ್ಕೆ ಬೇಡ ಎಂದು ಹಟ ಹಿಡಿದಳು. ಮೊಮ್ಮಗಳ ಮುಖ ಬಿಳಿಚಿತು.

“ಹೋದ್ದು ಶನಿ ಆದ್ರೆ ಒಳ್ಳೇದೇ ಆತು” ಎಂದೆ. ಯಾರೂ ನಗಲಿಲ್ಲ.

ತೆಗೆದದ್ದು ಪ್ಲೂಟೋ, ನಮ್ಮ ನವಗ್ರಹದಲ್ಲಿ ಅದು ಮೊದಲಿಂದಲೂ ಇಲ್ಲ ಎಂದು ಪುರೋಹಿತರು ಹೇಳಿದ ಮೇಲೆಯೇ ಶಾಂತಿ ಮುಂದುವರಿಯಿತು. ಮದುವೆಯೂ ಆಯಿತು.

ನನ್ನ ಹೆದರಿಕೆ ಮಾತ್ರ ಹೋಗಿಲ್ಲ. ಆಕಾಶದ ಸುದ್ದಿಗೇ ಮದುವೆ ನಿಲ್ಲಿಸಲು ಹೊರಟವಳು, ಸೊಸೆ ಸಾರಿಗೆ ಉಪ್ಪು ಹೆಚ್ಚು ಹಾಕಿದ ದಿನ ಏನು ಮಾಡುತ್ತಾಳೋ!