ಖಡಕಿಯಲ್ಲಿ ಒಂದು ಕೌದಿ

ಪುಣೆಯ ಖಡಕಿಯ ಆ ಚರ್ಚಿನ ಬೆಂಚುಗಳ ಬೆನ್ನಿನ ಮೇಲಂಚಿನಲ್ಲಿ ಅಲ್ಲಲ್ಲಿ ಅರ್ಧಚಂದ್ರದಂಥ ಕಚ್ಚುಗಳಿದ್ದವು. ಹೋದ ಹೊಸತರಲ್ಲಿ ಎರಡು ಭಾನುವಾರದ ಆರಾಧನೆಗಳನ್ನು ನಾನು ಆ ಕಚ್ಚುಗಳಲ್ಲಿ ಬೆರಳಾಡಿಸುತ್ತಲೇ ಕಳೆದೆ. ಸಭಾಪಾಲಕರ ಪ್ರಸಂಗ ಮರಾಠಿಯಲ್ಲಿ. ನನಗೆ ಅರ್ಥವಾಗುತ್ತಿದ್ದುದು ಆಮೆನ್ ಒಂದೇ. ಮೂರನೆಯ ವಾರ ಸಭಾಪಾಲಕರನ್ನು ಕೇಳಿಯೇಬಿಟ್ಟೆ.

"ಬ್ರಿಟಿಷರ ಕಾಲದಲ್ಲಿ ಸಿಪಾಯಿಗಳು ಬಂದೂಕು ಒರಗಿಸಿಡುತ್ತಿದ್ದ ಜಾಗ ಅದು," ಎಂದರು ಅವರು ಇಂಗ್ಲಿಷಿನಲ್ಲಿ. "ಕಣ್ಣು ಮುಚ್ಚಿ ಪ್ರಾರ್ಥಿಸುವಾಗಲೂ ಕೈಗೆ ಸಿಗಬೇಕಲ್ಲ." ಆಮೇಲೆ ಸ್ವಲ್ಪ ನಕ್ಕು, "ಬಂದಮೇಲೆ ನೀವು ಕೇಳಿದ ಮೊದಲನೆಯ ಪ್ರಶ್ನೆ ಇದು," ಎಂದರು.

ಪ್ರಶ್ನೆಗಳು ಬೇಕಾದಷ್ಟಿದ್ದವು, ಕೇಳುವುದಕ್ಕೆ ಭಾಷೆ ಇರಲಿಲ್ಲ. ನಾನು ಉಡುಪಿ ಕಡೆಯವಳು. ಮನೆಮಾತು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ದೇವಶಾಸ್ತ್ರದ ಕಾಲೇಜಿನಲ್ಲಿ ಓದುವವರು ಒಂದು ವರ್ಷ ಯಾವುದಾದರೂ ಚರ್ಚಿನ ಸಭೆಯಲ್ಲಿದ್ದು ಕೆಲಸ ಕಲಿಯಬೇಕೆಂಬ ನಿಯಮವಿದೆ. ನನ್ನ ಸಹಪಾಠಿಗಳೆಲ್ಲ ಊರಿಗೆ ಹತ್ತಿರದ ಸಭೆಗಳನ್ನು ಆರಿಸಿಕೊಂಡರು. ನಾನು ಪುಣೆಯನ್ನು ಕೇಳಿ ಪಡೆದೆ. ನಮ್ಮ ಅಪ್ಪನೂ ಸಭಾಪಾಲಕರು. ನಮ್ಮ ಕಡೆ ಯಾವ ಚರ್ಚಿನ ಮೆಟ್ಟಿಲು ಹತ್ತಿದರೂ ನಾನು ಅವರ ಮಗಳು. ಯಾರ ಮಗಳೂ ಅಲ್ಲದೆ ಒಂದು ವರ್ಷ ಇದ್ದರೆ ಹೇಗಿರುತ್ತದೆ ಎಂದು ನೋಡುವ ಕುತೂಹಲ ನನಗಿತ್ತು.

ನೋಡಿದ್ದಾಯಿತು. ಪಾದ್ರಿಮನೆಯ ಮಹಡಿಯಲ್ಲಿ ಒಂದು ಕೋಣೆ ಕೊಟ್ಟರು. ಬೆಳಿಗ್ಗೆ ಮದ್ದುಗುಂಡು ಕಾರ್ಖಾನೆಯ ಭೋಂಗಾ ಕೂಗಿದರೆ ಬೀದಿಯ ತುಂಬ ಸೈಕಲ್ಲು, ಸ್ಕೂಟರು. ನಾನು ಕಿಟಕಿಯಲ್ಲಿ ನಿಂತು, ಇವರೆಲ್ಲ ಮನೆಯಲ್ಲಿ ಏನು ತಿಂದು ಬಂದಿರಬಹುದು, ಮಕ್ಕಳನ್ನು ಯಾವ ಮಾತಿನಲ್ಲಿ ಬೈದು ಬಂದಿರಬಹುದು ಎಂದು ಯೋಚಿಸುತ್ತಿದ್ದೆ. ಕೆಲಸ ಮಾತ್ರ ಹೆಚ್ಚೇನಿರಲಿಲ್ಲ. ಭಾನುವಾರದ ಹಾಡಿನ ಹಾಳೆಗಳನ್ನು ಮಡಚುವುದು, ಬಲಿಪೀಠದ ಹೂವಿನ ನೀರು ಬದಲಿಸುವುದು. ಮರಾಠಿ ಬಾರದ ಶಿಷ್ಯೆಗೆ ಏನು ಕೆಲಸ ಹೇಳಬೇಕೆಂದು ಸಭಾಪಾಲಕರಿಗೂ ತಿಳಿಯುತ್ತಿರಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ಅವರು ನನ್ನನ್ನು ಕರೆದು ಕೂರಿಸಿದರು.

"ನಿಮಗೆ ಕನ್ನಡ ಚೆನ್ನಾಗಿ ಬರುತ್ತದಲ್ಲ?"

ಬರುತ್ತದೆ ಎಂದೆ.

ಅವರು ಹೇಳಿದ್ದಿಷ್ಟು. ಬಜಾರಿನ ಹಿಂದಿನ ಗಲ್ಲಿಯಲ್ಲಿ ಸಭೆಯ ಒಬ್ಬ ಹಿರಿಯಜ್ಜಿ ಇದ್ದಾರೆ. ಮೂಲ ಬೆಟಗೇರಿಯವರು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಲ್ಲಿನ ಕಾರ್ಖಾನೆಯ ಮರಾಠಿ ನೌಕರನೊಬ್ಬನನ್ನು ಮದುವೆಯಾಗಿ ಬಂದವರು. ಐವತ್ತು ವರ್ಷಕ್ಕೂ ಮೇಲೆ ಮರಾಠಿಯಲ್ಲೇ ಬಾಳಿದರು. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಾತು ವಾಪಸು ಬಂತು, ಆದರೆ ಕನ್ನಡ ಒಂದೇ ಬಂತು. ಮರಾಠಿ ಪೂರಾ ಹೋಗಿದೆ. ಮಗನಿಗಾಗಲಿ ಸೊಸೆಗಾಗಲಿ ಕನ್ನಡ ಬಾರದು.

"ಇನ್ನೂ ಒಂದು ವಿಷಯ," ಎಂದು ಅವರು ದನಿ ತಗ್ಗಿಸಿದರು. "ಅಜ್ಜಿ ದಿನವಿಡೀ ಕವಡಿ ಕೇಳುತ್ತಾರಂತೆ. ಕವಡಿ ಅಂದರೆ ಗೊತ್ತಲ್ಲ, ಇಲ್ಲಿ ದೇವಿಯ ಭಕ್ತರು ಅದರ ಮಾಲೆ ಹಾಕಿಕೊಳ್ಳುತ್ತಾರೆ. ಅಜ್ಜಿಯ ಮನಸ್ಸು ಎಲ್ಲಿಗೋ ಹೋಯಿತೆಂದು ಸೊಸೆ ಹೆದರಿದ್ದಾಳೆ. ಹೋಗಿ ನೋಡಿ ಬನ್ನಿ."

ನಾನು ಅಂದು ಸಂಜೆಯೇ ಹೋದೆ. ದಾರಿಯುದ್ದಕ್ಕೂ, ಕವಡೆ ಕೇಳುವ ಕ್ರೈಸ್ತ ಅಜ್ಜಿಗೆ ಯಾವ ವಚನ ಓದಿ ಸಮಾಧಾನ ಹೇಳಲಿ ಎಂಬುದೇ ಯೋಚನೆ.

ಬಾಗಿಲು ತೆರೆದವರು ಸೊಸೆ. ಐವತ್ತರ ಹತ್ತಿರದ ವಯಸ್ಸು, ಪ್ರಾಥಮಿಕ ಶಾಲೆಯ ಟೀಚರು, ಕೈಯಲ್ಲಿ ಇನ್ನೂ ಸೀಮೆಸುಣ್ಣದ ಪುಡಿ. ಮೊಬೈಲಿನಲ್ಲಿ ಅನುವಾದದ ಆ್ಯಪು ಹಾಕಿ ಅತ್ತೆಯ ಬಾಯಿಯ ಹತ್ತಿರ ಹಿಡಿದಿದ್ದರಂತೆ. ಅದೂ ಕವಡಿ ಎಂದೇ ಬರೆಯಿತೆಂದು ನನಗೆ ತೋರಿಸಿದರು. ಹಿಂದಿ ಮರಾಠಿ ಕಲಸಿ ಅವರು ಮಾತಾಡಿದರೆ ನನಗೆ ಅರ್ಧಕ್ಕರ್ಧ ತಿಳಿಯುತ್ತಿತ್ತು.

ಅಜ್ಜಿ ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಸಣ್ಣ ದೇಹ, ಬಾಯಿ ಒಂದು ಕಡೆಗೆ ತುಸು ಸೊಟ್ಟ. ನಾನು ಬಗ್ಗಿ, "ಅಜ್ಜೀ, ನಿಮಗೆ ಎಂತ ಬೇಕು?" ಎಂದೆ.

ಅವರ ಎಡಗೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. "ಕನ್ನಡದಾಕಿ ಏನು ನೀ?"

"ಹೌದಜ್ಜಿ. ಉಡುಪಿ ಕಡೆಯವಳು."

"ಎಂಥಾ ಮಾತಾಡ್ತೀಯವ್ವಾ ತಂಗಿ, ಪುಸ್ತಕ ಓದಿದಂಗ." ನಾಲಗೆ ತೊದಲುತ್ತಿತ್ತು, ಆದರೂ ನಗು ಸ್ಪಷ್ಟವಾಗಿತ್ತು. "ಕೌದಿ ಹೊಲೀಬೇಕು. ಹಳೇ ಸೀರಿ ಎಲ್ಲಾ ಟ್ರಂಕಿನ್ಯಾಗ ಅದಾವ. ಈಕಿಗೆ ಎಷ್ಟು ಸಲ ಹೇಳಿದೆ. ಅಳತಾಳ, ಇಲ್ಲಾಂದ್ರ ಬೈಬಲ್ ತಂದು ಎದಿ ಮ್ಯಾಲ ಇಡ್ತಾಳ."

"ಕಾಯ್ ಮ್ಹಣತಾತ?" ಎಂದರು ಸೊಸೆ. ಏನನ್ನುತ್ತಾರೆ? ಮುಂದಿನ ಎಷ್ಟೋ ತಿಂಗಳು ನಾನು ಅತಿ ಹೆಚ್ಚು ಸಲ ಕೇಳಿದ ಮರಾಠಿ ಮಾತು ಅದೇ.

ಕೌದಿಗೆ ಮರಾಠಿಯಲ್ಲಿ ಏನನ್ನುತ್ತಾರೋ ನನಗೆ ತಿಳಿಯದು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದು ಹೊದೆಯುವುದು ಎಂದು ಕೈಸನ್ನೆಯಲ್ಲಿ ತೋರಿಸಿದೆ.

"ಗೋಧಡಿ?" ಸೊಸೆ ಅಲ್ಲೇ ಟ್ರಂಕಿನ ಮೇಲೆ ಕುಸಿದು ಕೂತರು. "ಒಂದು ಗೋಧಡಿಗಾಗಿ ಮೂರು ಶುಕ್ರವಾರ ಉಪವಾಸ ಪ್ರಾರ್ಥನೆ ಮಾಡಿದೆವಲ್ಲ," ಎಂದು ನಗತೊಡಗಿದರು. ಅಜ್ಜಿಯೂ ನಕ್ಕರು, ಯಾಕೆಂದು ತಿಳಿಯದೆ.

ಹಾಗೆ ನನಗೊಂದು ಕೆಲಸ ಸಿಕ್ಕಿತು. ವಾರಕ್ಕೆ ಎರಡು ಸಂಜೆ, ಸೊಸೆ ಶಾಲೆಯಿಂದ ಬಂದಮೇಲೆ, ನಾನು ಅಲ್ಲಿರುತ್ತಿದ್ದೆ. ಟ್ರಂಕಿನಿಂದ ತೆಳ್ಳಗಾದ ನೂಲಿನ ಸೀರೆಗಳು ಬಂದವು, ಅಜ್ಜಿಯ ತೀರಿಕೊಂಡ ಗಂಡನ ಎರಡು ಖಾಕಿ ಅಂಗಿಗಳೂ ಬಂದವು. ಅಂಗಿಗಳನ್ನು ಒಳಪದರಕ್ಕೆ ಹಾಕೆಂದರು ಅಜ್ಜಿ. "ಮ್ಯಾಲ ಕಾಣೋದು ಬ್ಯಾಡ. ಬೆಚ್ಚಗ ಇದ್ರ ಸಾಕು."

ಹೊಲಿಯುವ ಕೈ ನನ್ನದು. ನನಗೆ ಗುಂಡಿ ಹಚ್ಚುವುದು ಬಿಟ್ಟರೆ ಬೇರೆ ಹೊಲಿಗೆ ಗೊತ್ತಿರಲಿಲ್ಲ. ಅಜ್ಜಿ ಎಡಗೈ ಉಗುರಿನಿಂದ ಬಟ್ಟೆಯ ಮೇಲೆ ಗೆರೆ ಎಳೆಯುವರು, ನಾನು ಅದರ ಮೇಲೆ ಸೂಜಿ ಓಡಿಸಬೇಕು. ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರಬೇಕು. ಹೊಲಿಗೆ ಅಕ್ಕಿಕಾಳಿಗಿಂತ ಉದ್ದವಾದರೆ ಅವರು ಹೇಳುತ್ತಿದ್ದುದು ಒಂದೇ ಮಾತು.

"ಬಿಚ್ಚು."

ನಾನು ಬಿಚ್ಚುತ್ತಿದ್ದೆ. ಕೆಲವು ಸಂಜೆ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಸೊಸೆ ಕಲಿತ ಮೊದಲ ಕನ್ನಡ ಶಬ್ದವೂ ಅದೇ ಆಯಿತು. ಅಡುಗೆಮನೆಯಿಂದ ಇಣುಕಿ ನನ್ನ ಹೊಲಿಗೆ ನೋಡಿ, ಅತ್ತೆಗಿಂತ ಮೊದಲೇ, "ಬಿಚ್ಚು," ಎನ್ನುತ್ತಿದ್ದರು.

ಕೈ ಓಡುತ್ತಿರುವಾಗ ನಾನು ಕೇಳುತ್ತಿದ್ದೆ. ಬೆಟಗೇರಿಯ ಮಗ್ಗಗಳ ಸದ್ದು ಹೇಗಿತ್ತು, ಇಲ್ಲಿಗೆ ಬಂದ ಮೊದಲ ದಿನ ಏನು ತಿಂದಿರಿ, ಅತ್ತೆ ಏನೆಂದು ಕೂಗುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ ಪ್ರಶ್ನೆ ಇನ್ನೊಂದು. ಐವತ್ತು ವರ್ಷ ಯಾರ ಕಿವಿಗೂ ಬೀಳದ ಕನ್ನಡ ಇವರಲ್ಲಿ ಎಲ್ಲಿ ಉಳಿದಿತ್ತು? ಒಂದು ದಿನ ಅದನ್ನೂ ಕೇಳಿದೆ.

"ಇಲ್ಲಿ ಯಾರ ಜೋಡಿ ಮಾತಾಡ್ಲಿ?" ಎಂದರು ಅಜ್ಜಿ. "ಪ್ರಾರ್ಥನಾ ಕನ್ನಡದಾಗ ಮಾಡ್ತಿದ್ದೆ. ದಿನಾ ಬೆಳಿಗ್ಗೆ, ಒಲಿ ಮುಂದ. ಅಂವಗ ಎಲ್ಲಾ ಮಾತೂ ತಿಳೀತಾವಲ್ಲ."

ಸೊಸೆಗೆ ಇದನ್ನು ಹೇಳಿದಾಗ ಅವರು ಕೈಯಲ್ಲಿದ್ದ ಪರೀಕ್ಷೆಯ ಹಾಳೆಗಳನ್ನು ಕೆಳಗಿಟ್ಟರು. "ಬೆಳಿಗ್ಗೆ ಗೊಣಗುತ್ತಾರೆ ಅಂದುಕೊಂಡಿದ್ದೆ. ನನ್ನ ಮೇಲೆ ಸಿಟ್ಟು ಅಂತ," ಎಂದರು.

ನಡುವೆ ನಾನು ಒಂದು ತಪ್ಪು ಮಾಡಿದೆ. ಗಣಪತಿ ಹಬ್ಬದ ಡೋಲಿನ ತಾಲೀಮು ಬೀದಿಯಲ್ಲಿ ಕೇಳುತ್ತಿದ್ದ ದಿನಗಳವು. ಅಜ್ಜಿ ಊಟದ ತಟ್ಟೆ ಸರಿಸಿ ಹೇಳಿದರು: "ಈಕಿ ಮಾಡಿದ ಸಾರಿಗೆ ಉಪ್ಪಿಲ್ಲ, ಹುಳಿಯಿಲ್ಲ. ಇಪ್ಪತ್ತೈದು ವರ್ಷ ಬಾಯಿ ಮುಚ್ಕೊಂಡು ಉಂಡೀನಿ. ಇನ್ನ ನನ್ನ ಕೈಲಿ ಆಗಂಗಿಲ್ಲ."

"ಕಾಯ್ ಮ್ಹಣತಾತ?"

"ಉಪ್ಪು ಸ್ವಲ್ಪ ಕಡಿಮೆ ಅನ್ನುತ್ತಾರೆ," ಎಂದೆ.

ಸೊಸೆ ನನ್ನ ಮುಖವನ್ನೇ ನೋಡಿದರು. ಸುಳ್ಳು ಉತ್ತರ ಹೇಳಿದ ಮಗುವನ್ನು ಟೀಚರು ನೋಡುವ ಹಾಗೆ. "ಅವರು ಇಷ್ಟುದ್ದ ಹೇಳಿದರು. ನೀವು ಇಷ್ಟೇ ಹೇಳುತ್ತೀರಿ. ನಾನು ನಿಮ್ಮನ್ನು ನಂಬುವುದು ಹೇಗೆ?"

ಪೂರ್ತಿ ಹೇಳಿದೆ, ಇಪ್ಪತ್ತೈದು ವರ್ಷವನ್ನೂ ಸೇರಿಸಿ. ಅವರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಇನ್ನು ಆ ಮನೆಗೆ ನಾನು ಬರುವ ಹಾಗಿಲ್ಲ ಎಂದುಕೊಂಡೇ ಅಂದು ಮಹಡಿಯ ಕೋಣೆಗೆ ಮರಳಿದೆ. ಆದರೆ ಮುಂದಿನ ಸಂಜೆ ಹೋದಾಗ ಹುಣಸೆಹಣ್ಣಿನ ಬಟ್ಟಲು ಹಿಡಿದು ಸೊಸೆ ಮಂಚದ ಪಕ್ಕದಲ್ಲೇ ಕೂತಿದ್ದರು. "ಎಷ್ಟು ಹಾಕಬೇಕು ಕೇಳಿ," ಎಂದರು ನನ್ನನ್ನು. ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ, "ಮರಾಠಿಯಲ್ಲಿ ಇವರು ಯಾವಾಗ ಕೇಳಿದರೂ ಛಾನ್, ಛಾನ್ ಅನ್ನುತ್ತಿದ್ದರು. ಚೆನ್ನಾಗಿದೆ ಅಂತ. ಇವರು ನಿಜವಾಗಿ ಯಾರು ಅಂತ ನನಗೆ ಈಗ ತಿಳಿಯುತ್ತಿದೆ," ಎಂದರು.

ಡಿಸೆಂಬರಿನ ಮೊದಲ ವಾರ ಪುಣೆಯ ಚಳಿ ನನ್ನಂಥ ಕರಾವಳಿಯವಳ ಹಲ್ಲು ಕಡಿಸುತ್ತಿದ್ದಾಗ ಕೌದಿ ಮುಗಿಯುವ ಹಂತಕ್ಕೆ ಬಂತು. ಒಂದು ಮೂಲೆಯನ್ನು ಅಜ್ಜಿ ಮೊದಲಿನಿಂದಲೂ ಹೊಲಿಯಗೊಟ್ಟಿರಲಿಲ್ಲ. "ಅದು ಕಡೀಕ," ಎನ್ನುತ್ತಿದ್ದರು. ಆ ಸಂಜೆ ಅದನ್ನು ಮುಟ್ಟಿ ತೋರಿಸಿ, "ರೊಟ್ಟಿ ತಾ," ಎಂದರು.

ಹಸಿವಾಗಿರಬೇಕೆಂದು ಸೊಸೆಗೆ ಹೇಳಿದೆ. ಅವರು ಬಿಸಿ ಭಾಕರಿ ಮತ್ತು ಪಲ್ಯ ತಂದರು. ಅಜ್ಜಿ ತಟ್ಟೆಯನ್ನು ತಳ್ಳಿದರು.

"ಉಣ್ಣಾಕಲ್ಲವ್ವಾ. ಇಲ್ಲಿ ಇಡಾಕ."

"ಎಲ್ಲಿ ಅಜ್ಜಿ?"

"ಇಲ್ಲೇ. ಮೂಲ್ಯಾಗ."

ಈ ಮೊದಲು ಅಜ್ಜಿಯ ಮಾತು ತಪ್ಪಿದ್ದು ನಾನು ಕಂಡಿರಲಿಲ್ಲ. ಮತ್ತೆ ಲಕ್ವದ ಲಕ್ಷಣವೇನೋ ಎಂದು ಹೆದರಿದೆ. ಸೊಸೆಯ ಕಡೆ ತಿರುಗಿ, "ರೊಟ್ಟಿಯನ್ನು ಗೋಧಡಿಯೊಳಗೆ ಇಡು ಅನ್ನುತ್ತಿದ್ದಾರೆ. ನನಗೆ ಅರ್ಥವಾಗುತ್ತಿಲ್ಲ. ಡಾಕ್ಟರಿಗೆ ಫೋನ್ ಮಾಡೋಣವೇ?" ಎಂದೆ.

ಸೊಸೆ ಭಾಕರಿಯಿಂದ ಉಗುರಿನಷ್ಟು ಚೂರು ಮುರಿದು, ಚಿಂದಿಯಲ್ಲಿ ಸುತ್ತಿ, ಬಗ್ಗಿ ಆ ಮೂಲೆಯ ಪದರಗಳ ನಡುವೆ ತುರುಕಿದರು. ನನ್ನ ಕೈಯಿಂದ ಸೂಜಿ ತೆಗೆದುಕೊಂಡು ತಾವೇ ಹೊಲಿಯತೊಡಗಿದರು. ಸಣ್ಣ, ನೇರವಾದ, ಬಿಚ್ಚಿಸಬೇಕಾಗಿಲ್ಲದ ಹೊಲಿಗೆ.

"ನನ್ನ ತಾಯಿ ಹೀಗೇ ಮಾಡುತ್ತಿದ್ದಳು," ಎಂದರು ತಲೆಯೆತ್ತದೆ. "ಸಾತಾರದ ಹತ್ತಿರದ ಹಳ್ಳಿ ನಮ್ಮದು. ಗೋಧಡಿ ಉಪವಾಸ ಇರಬಾರದು, ಅದನ್ನು ಹೊದೆಯುವವರೂ ಇರಬಾರದು ಅಂತ. ನಾನು ಮರೆತೇಬಿಟ್ಟಿದ್ದೆ."

ನಾನು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಹೊರಟೆ. ಅವರು ಎಡಗೈ ಎತ್ತಿ ನಿಲ್ಲಿಸಿದರು.

"ಆಕಿಗೆ ಗೊತ್ತೈತಿ ಬಿಡು."

ಇಬ್ಬರ ನಡುವೆ ನನಗೆ ಕೆಲಸವಿರಲಿಲ್ಲ. ಸುಮ್ಮನೆ ಕೂತು ನೋಡಿದೆ. ಐದು ತಿಂಗಳು ಅವರ ಮಾತನ್ನು ಆಚೆಯಿಂದೀಚೆಗೆ ಹೊತ್ತವಳು ನಾನು. ನನಗೇ ತಿಳಿಯದ ಒಂದು ಮಾತನ್ನು, ಕನ್ನಡದ ಒಂದು ಶಬ್ದ ಮಾತ್ರ ಬಲ್ಲ ಹೆಂಗಸು ಅರ್ಥಮಾಡಿಕೊಂಡಿದ್ದಳು.

ಕಾಲೇಜಿಗೆ ಕಳಿಸುವ ವರದಿಯಲ್ಲಿ ಇದೆಲ್ಲವನ್ನೂ ಬರೆದೆ. ಮಾರ್ಗದರ್ಶಕರು ರೊಟ್ಟಿಯ ಭಾಗದ ಪಕ್ಕದಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದರು. ಅದನ್ನು ಸಭಾಪಾಲಕರಿಗೆ ತೋರಿಸಿದೆ. ಅವರು ವರದಿಯನ್ನು ಎರಡು ಸಲ ಓದಿ, "ಉತ್ತರ ಬರೆಯುವ ಅವಸರ ಬೇಡ," ಎಂದರು. ಇವತ್ತಿಗೂ ಬರೆದಿಲ್ಲ.

ಅಜ್ಜಿ ಆ ಚಳಿಗಾಲವಿಡೀ ಕೌದಿ ಹೊದ್ದು ಮಲಗಿದರು. ಮಾರ್ಚಿನ ಹೊತ್ತಿಗೆ ಮಾತು ಕಡಿಮೆಯಾಯಿತು. ಸೊಸೆಯ ಕನ್ನಡ ಅಷ್ಟರಲ್ಲಿ ನೀರು, ನೋವು, ಸಾಕು, ಇನ್ನಷ್ಟು, ಮಲಗು ಎನ್ನುವಲ್ಲಿಗೆ ಬಂದಿತ್ತು, ಅದೂ ಬೆಟಗೇರಿಯ ಉಚ್ಚಾರದಲ್ಲಿ. ನನ್ನ ಮರಾಠಿ ಹತ್ತು ನಿಮಿಷದ ಒಂದು ಪ್ರಸಂಗ ಮಾಡುವಷ್ಟಾಯಿತು. ಮೇ ತಿಂಗಳಲ್ಲಿ ಹೊರಡುವ ಹಿಂದಿನ ದಿನ ಹೇಳಿಹೋಗಲೆಂದು ಅವರ ಮನೆಗೆ ಹೋದೆ.

"ಯಾವೂರಿಗಿ ಹೊಂಟಿ?" ಎಂದರು ಅಜ್ಜಿ, ನಿಧಾನವಾಗಿ.

"ಊರಿಗೆ ಅಜ್ಜಿ. ಉಡುಪಿಗೆ."

"ಅಲ್ಲಿ ಚಳಿ ಇರ್ತೈತೇನು?"

"ಇಲ್ಲ. ಸೆಖೆ."

ಅವರು ಕೌದಿಯ ಅಂಚನ್ನು ಎಡಗೈಯಲ್ಲಿ ಸವರಿದರು. "ಹಂಗಾರ ನಿನಗ ಇದು ಬ್ಯಾಡ," ಎಂದು ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಅಡುಗೆಮನೆಯತ್ತ ಕೊರಳು ಹೊರಳಿಸಿ, ಚಹಾ ಮಾಡೆಂದು ಸೊಸೆಗೆ ಕನ್ನಡದಲ್ಲಿ ಕೂಗಿದರು. ಒಳಗಿನಿಂದ ಪಾತ್ರೆಗೆ ನೀರು ಬೀಳುವ ಸದ್ದು ಕೇಳಿಸಿತು.