ಕೊಳದ ಕಾಕಾ ಹೇಳಿದ ಸುಳ್ಳು

ಅವರ ಬೆರಳ ತುದಿಗಳು ಸದಾ ಬೆಳ್ಳಗೆ ಸುಲಿದಿರುತ್ತಿದ್ದವು. ಬ್ಲೀಚಿಂಗ್ ಪೌಡರ್ ಕಲಸಿ ಕಲಸಿ ಉಗುರಿನ ಸುತ್ತ ನೆಟ್ಟಗಿನ ಚರ್ಮವೇ ಉಳಿದಿರಲಿಲ್ಲ. ಕೈಗವಸು ಹಾಕಿಕೊಳ್ಳಿ ಎಂದರೆ ನಕ್ಕುಬಿಡುತ್ತಿದ್ದರು. ನಿಪ್ಪಾಣಿ ಕಡೆಯ ನಮ್ಮೂರಿನ ಈಜುಕೊಳದ ನೀರು ನೋಡಿಕೊಳ್ಳುತ್ತಿದ್ದ ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದೆವು.

ತಮ್ಮೂರು ಕೊಗನೊಳ್ಳಿಯಿಂದ ಸೈಕಲ್ ತುಳಿದು ಬಂದವರೇ ಗಾಜಿನ ನಳಿಕೆಯಲ್ಲಿ ಕೊಳದ ನೀರು ತುಂಬಿ, ನಾಲ್ಕು ಹನಿ ಔಷಧ ಬಿಟ್ಟು, ಬೆಳಕಿಗೆ ಹಿಡಿಯುತ್ತಿದ್ದರು. ನೀರು ಹಳದಿಗೆ ತಿರುಗಿದರೆ ಅದರಲ್ಲಿ ಪೌಡರಿನ ಶಕ್ತಿ ಇನ್ನೂ ಇದೆ ಎಂದರ್ಥ; ಬಾಗಿಲು ತೆರೆಯುತ್ತಿತ್ತು. ತಿರುಗದಿದ್ದರೆ ಮಂತ್ರಿಯೇ ಬಂದರೂ ತೆರೆಯುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವರು, ಮೈ ತೊಳೆಯದೆ ಬಂದವರು ಮೊದಲು ನಲ್ಲಿಯ ಕಡೆ ಹೋಗಬೇಕು. ‘ತಿಳಿ ನೀರೆಲ್ಲಾ ಸ್ವಚ್ಛ ಅಲ್ರಿ’ ಎಂಬುದು ದಿನಕ್ಕೆ ಹತ್ತು ಸಲ ಅವರ ಬಾಯಲ್ಲಿ ಬರುವ ಮಾತು.

ಮಂಡಿನೋವಿನ ನೆಪ ಹೇಳಿ, ಅರ್ಜಿ ಮೇಲೆ ಅರ್ಜಿ ಕೊಟ್ಟು, ನಮ್ಮ ಓಣಿಯ ಹೆಂಗಸರು ಮಧ್ಯಾಹ್ನದ ಒಂದು ತಾಸನ್ನು ನಮಗೆಂದು ಪಡೆದಿದ್ದೆವು. ಒಂದೇ ಒಂದು ತಕರಾರು ಬಂದರೂ ಆ ತಾಸು ಬಂದ್ ಎಂದು ಕೊಳದ ಮ್ಯಾನೇಜರ್ ಮೊದಲೇ ಹೇಳಿದ್ದರು. ಮನೆಗಳಲ್ಲಿ ಅತ್ತೆಯರೂ ಅಂಥದ್ದಕ್ಕೇ ಕಾದು ಕುಳಿತಿದ್ದರು.

ಕರೋಶಿಯ ನನ್ನ ತವರಿನಲ್ಲಿ ಬಾವಿಗೆ ಮೊದಲ ಸಲ ಇಳಿಯುವವರು ಗಂಗವ್ವನಿಗೆ ಅರಿಷಿಣ, ಕುಂಕುಮ, ಹಾಲು ಬಿಟ್ಟೇ ಇಳಿಯುತ್ತಾರೆ. ಕೊಳಕ್ಕೂ ಹಾಗೇ ಮಾಡಬೇಕೆಂದು ನಾನೇ ಎಲ್ಲರಿಗೂ ಹೇಳಿದ್ದೆ. ಮೊದಲ ದಿನ ಕಾಕಾ ಪಂಪಿನ ಕೋಣೆಯಲ್ಲಿದ್ದಾಗ ಇಪ್ಪತ್ತು ಮಂದಿ ಮೆಟ್ಟಿಲ ಮೇಲೆ ನಿಂತು, ತಂದದ್ದನ್ನೆಲ್ಲ ನೀರಿಗೆ ಬಿಟ್ಟೆವು. ಮೂಲೆಯ ನೀರು ಹಳದಿಯಾಯಿತು, ಅದರ ಮೇಲೆ ಹಾಲು ಹರಡಿತು. ನನಗಂತೂ ಕಣ್ಣು ತುಂಬಿ ಬಂದಿತ್ತು.

ಕಾಕಾ ಬಂದು ನೋಡಿದರು. ಬೈಯಲಿಲ್ಲ. ನಳಿಕೆ ತುಂಬಿ ನನ್ನ ಮುಂದೆ ಹಿಡಿದರು. ‘ಇದ್ರಾಗ ಅರಿಷಿಣದ ಹಳದಿ ಯಾವ್ದು, ಔಷಧದ ಹಳದಿ ಯಾವ್ದು, ನನಗೂ ತಿಳಿಯಾಂಗಿಲ್ರಿ ಅಕ್ಕಾರ. ಎರಡ ದಿವಸ ಬಂದ್ ಇಡ್ತೀನಿ.’

ಇವತ್ತೊಂದು ದಿನ ಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದು ಗೋಗರೆದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಆಡಬಾರದ ಮಾತನ್ನೂ ಆಡಿದೆ. ಅವರು ಜಗ್ಗಲಿಲ್ಲ. ಹಿಂದೊಮ್ಮೆ ತಾವೇ ಪರೀಕ್ಷೆ ಮಾಡದೆ ಕೊಳ ತೆರೆದಿದ್ದರಂತೆ. ಇಳಿದ ಮಕ್ಕಳು ಕಣ್ಣುಬೇನೆ ಬಂದು ಮೂರು ದಿನ ಕಣ್ಣು ಬಿಟ್ಟಿರಲಿಲ್ಲವಂತೆ. ‘ಆ ಕೂಸುಗೋಳ ಅವ್ವಂದಿರ ಮಾರಿ ಇನ್ನೂ ಮರ್ತಿಲ್ರಿ’ ಎಂದರು.

ಅಷ್ಟರಲ್ಲಿ ಮ್ಯಾನೇಜರ್ ಬಂದು, ನೀರಿಗೆ ಏನಾಯಿತೆಂದು ಕೇಳಿದರು. ನಿಜ ಹೇಳಿದರೆ ನಮ್ಮ ತಾಸು ಅಲ್ಲಿಗೇ ಮುಗಿಯಿತು.

‘ತಪ್ಪ ನಂದರಿ, ಸಾಹೇಬ್ರ,’ ಎಂದರು ಕಾಕಾ. ‘ಫಿಲ್ಟರ್ ತೊಳಿಯೂದು ಮರ್ತಿದ್ನಿ.’

ತಂದೆಯ ವಯಸ್ಸಿನ ಆ ಮನುಷ್ಯನಿಗೆ ಮ್ಯಾನೇಜರ್ ಎಲ್ಲರೆದುರು ಛೀಮಾರಿ ಹಾಕಿದರು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ತುಟಿ ಬಿಚ್ಚಲಿಲ್ಲ.

ಕಾಕಾ ಎರಡು ದಿನ ನೀರು ಸೋಸಿ, ಪೌಡರ್ ಹಾಕಿ, ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ಮೂರನೆಯ ದಿನ ನಾವು ಹೋದಾಗ ಬಾಗಿಲಲ್ಲೇ ಕೊಳದ ನೀರು ತುಂಬಿದ ತಂಬಿಗೆ ಇಟ್ಟಿದ್ದರು. ಪೂಜೆ ಅದಕ್ಕೆ ಮಾಡಿ, ಆಮೇಲೆ ಗಿಡಕ್ಕೆ ಹಾಕಿ ಎಂದರು. ಅಂದು ಇಳಿದವರು ಇಂದಿಗೂ ಇಳಿಯುತ್ತಿದ್ದೇವೆ. ಆ ತಾಸು ನಮ್ಮದಾಗಿಯೇ ಉಳಿದಿದೆ.

ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅವರ ಹತ್ತಿರ ಹೋದೆ. ನಾಳೆ ಹೇಳೋಣ ಎಂದು ತಿರುಗಿ ಬರುತ್ತಿದ್ದೆ. ಹೋದ ಚಳಿಗಾಲ ಕಾಕಾ ತೀರಿಕೊಂಡರು. ಕೊಗನೊಳ್ಳಿಯ ಮನೆಗೆ ಹೋಗಿ, ಅವರ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡು ಅತ್ತೆ. ಆ ತಾಯಿ ನನ್ನ ಕೈ ಹಿಡಿದುಕೊಂಡರು.

‘ಗೊತ್ತೈತಿ ಬೇ. ಅವತ್ತ ಮನಿಗೆ ಬಂದ ಹೇಳಿದ್ರು. ನೀವ್ಯಾಕ ಬೈಸ್ಕೊಂಡ್ರಿ ಅಂದ್ನಿ. “ನಾ ಬೈಸ್ಕೊಂಡ್ರ ಒಂದ ದಿವಸದ ಮಾತ, ಆ ಹೆಣ್ಮಕ್ಳ ಬೈಸ್ಕೊಂಡ್ರ ಮತ್ತ ನೀರಿಗೆ ಇಳಿಯಾಂಗಿಲ್ಲ” ಅಂದ್ರು.’